ಹುಳುವಿನ ಜ್ವರ, ಮನುಷ್ಯರ ಜ್ವರ

ಹಳಗನ್ನಡವನ್ನು ಓದಿದವರಿಗೆ ‘ಸೋಂಕು’ ಎಂಬ ಮಾತಿನ ಸವಿ ಗೊತ್ತು. ಗಾಳಿ ಸೋಂಕುತ್ತದೆ, ಬೆಳುದಿಂಗಳು ಸೋಂಕುತ್ತದೆ, ಒಲಿದವರ ಕೈ ಸೋಂಕುತ್ತದೆ. ಸ್ಪರ್ಶವೆಂಬುದೇ ಅದರ ಮೊದಲ ಅರ್ಥ. ೨೦೨೦ರ ಮಾರ್ಚ್ ತಿಂಗಳಲ್ಲಿ ಈ ಮುದ್ದಾದ ಮಾತು ಬೇರೊಂದು ವೇಷ ತೊಟ್ಟು ಪ್ರತಿ ಮನೆಯ ಹೊಸಿಲಿಗೂ ಬಂದು ನಿಂತಿತು. ಪಾಠ ಮಾಡುವಾಗ ಆ ಪದ ಬಂದರೆ ಹುಡುಗರು ಮುಖ ಮುಖ ನೋಡಿಕೊಳ್ಳುವುದು ಇಂದಿಗೂ ನಿಂತಿಲ್ಲ. ಭಾಷೆಗೂ ರೋಗ ತಗಲುವುದುಂಟು ಎನ್ನೋಣವೆ?

ಈ ಲೇಖನ ಆ ಹೊಸ ಸೋಂಕಿನ ದಿನಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಿಗೆ ಹೋಗಿ ದುಡಿದ ವೈದ್ಯವಿದ್ಯಾರ್ಥಿಗಳನ್ನೂ ದಾದಿಯರ ಶಾಲೆಯ ಹುಡುಗಿಯರನ್ನೂ ಕುರಿತದ್ದು. ಅವರಲ್ಲಿ ನಾಲ್ವರು ಪದವಿಪೂರ್ವ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿದವರು. ಹೆಸರು ಹಾಕಬೇಡಿರೆಂದು ಅವರು ಕೇಳಿಕೊಂಡಿರುವುದರಿಂದ ಹಾಕಿಲ್ಲ.

ಮೊದಲು ಸ್ಥಳದ ಮಾತು. ಈ ನಾಲ್ಕು ತಾಲ್ಲೂಕುಗಳು ಸೇರಿ ೨೦೦೭ರಲ್ಲಿ ರಾಮನಗರ ಜಿಲ್ಲೆಯಾಯಿತು. ೨೦೨೫ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಅದಕ್ಕೆ ‘ಬೆಂಗಳೂರು ದಕ್ಷಿಣ’ವೆಂದು ಹೆಸರಿಡಲು ತೀರ್ಮಾನಿಸಿತು. ಹೆಸರಿನ ಜಗಳ ನಮಗಿಲ್ಲಿ ಬೇಡ. ೨೦೧೧ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಹತ್ತು ಲಕ್ಷದ ಎಂಬತ್ತೆರಡು ಸಾವಿರಕ್ಕೆ ಮೇಲೆ. ಒಂದು ತುದಿಯಲ್ಲಿ ಮೈಸೂರು ರಸ್ತೆಯ ಕಾರ್ಖಾನೆಗಳು, ಇನ್ನೊಂದು ತುದಿಯಲ್ಲಿ ಕನಕಪುರದ ಕೋಡಿಹಳ್ಳಿ ಹೋಬಳಿಯ ಆಚೆ ಆನೆ ನಡೆದಾಡುವ ಕಾವೇರಿಯ ಕಾಡು. ನಡುವೆ ಹಿಪ್ಪುನೇರಳೆ ತೋಟಗಳು, ರಾಗಿ ಹೊಲಗಳು, ಹಾಲಿನ ಡೇರಿಗಳು, ಬಂಡೆಗಳು, ಬಂಡೆಗಳ ಮಗ್ಗುಲಲ್ಲಿ ಇರುಳಿಗರ ಗುಡಿಸಲುಗಳು.

ಮೊದಲ ವರ್ಷ ಈ ಜಿಲ್ಲೆ ಬಹುದಿನ ಸುರಕ್ಷಿತವಾಗಿಯೇ ಇದ್ದಿತು. ೨೦೨೦ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ಕೆಲವರನ್ನು ರಾಮನಗರದ ಕಾರಾಗೃಹಕ್ಕೆ ತಂದಾಗ, ಅವರಲ್ಲಿ ಕೆಲವರಿಗೆ ಸೋಂಕಿರುವುದು ಗೊತ್ತಾಗಿ ಊರೆಲ್ಲ ಗುಲ್ಲೆದ್ದಿತು. ಅವರನ್ನು ಮರಳಿ ಬೆಂಗಳೂರಿಗೇ ಸಾಗಿಸಬೇಕಾಯಿತು. ಆಗ ಇಲ್ಲಿಯ ಜನರ ದೃಷ್ಟಿಯಲ್ಲಿ ಅದು ಪಟ್ಟಣದ ಜಾಡ್ಯ, ವಿಮಾನದಲ್ಲಿ ಬಂದವರ ಜಾಡ್ಯ. ವೈದ್ಯಕೀಯ ಕಾಲೇಜುಗಳ ಬಾಗಿಲೂ ಮುಚ್ಚಿತ್ತು. ರೋಗವನ್ನು ಕುರಿತು ಕಲಿಯಬೇಕಾದ ಮಕ್ಕಳು, ನಾಡಿಗೆ ನಾಡೇ ರೋಗದಿಂದ ತಲ್ಲಣಿಸುತ್ತಿದ್ದಾಗ, ಮನೆಯ ಮೂಲೆಯಲ್ಲಿ ಕುಳಿತು ಕೈಯಲ್ಲಿ ಮೊಬೈಲು ಹಿಡಿದು ಎದೆಬಡಿತದ ಲಕ್ಷಣಗಳನ್ನು ಬರೆದುಕೊಳ್ಳುತ್ತಿದ್ದರು. ‘ಸ್ಟೆತಾಸ್ಕೋಪನ್ನು ಅಪ್ಪನ ಎದೆಗೇ ಇಟ್ಟು ಅಭ್ಯಾಸ ಮಾಡಿದೆ ಸಾರ್, ಅಪ್ಪನಿಗೆ ಯಾವ ಕಾಯಿಲೆಯೂ ಇರಲಿಲ್ಲ, ಅದೇ ತೊಂದರೆ’ ಎಂದು ಒಬ್ಬ ನಕ್ಕ.

ಎರಡನೆಯ ಅಲೆಯಲ್ಲಿ ನಗು ಉಳಿಯಲಿಲ್ಲ. ೨೦೨೧ರ ಏಪ್ರಿಲ್ ೨೭ರಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ ಬಂತು. ಬೆಂಗಳೂರಿನಲ್ಲಿ ದುಡಿಯುತ್ತಿದ್ದವರು ಗಂಟುಮೂಟೆ ಕಟ್ಟಿಕೊಂಡು ಊರಿನ ಬಸ್ಸು ಹತ್ತಿದರು. ಮೇ ೫ರಂದು ಕರ್ನಾಟಕದಲ್ಲಿ ಒಂದೇ ದಿನ ೫೦,೧೧೨ ಹೊಸ ಸೋಂಕಿತರು. ಬೆಂಗಳೂರಿಗೂ ರಾಮನಗರಕ್ಕೂ ಇರುವ ದೂರ ಸುಮಾರು ೫೦ ಕಿಲೋಮೀಟರು. ರೋಗಕ್ಕೆ ಅದೊಂದು ಹರದಾರಿಯೇ? ಹಬ್ಬಕ್ಕೆ ಬಾರದ ಮಗ ಜ್ವರ ಹೊತ್ತು ಬಂದ ಎಂದು ಮಾಗಡಿಯ ಕಡೆ ಆಡಿಕೊಂಡರಂತೆ.

ಆ ಮೇ ತಿಂಗಳ ೩ರಂದು ಕೇಂದ್ರ ಸರ್ಕಾರ, ಹೌಸ್ ಸರ್ಜನರನ್ನು ಅಧ್ಯಾಪಕರ ಉಸ್ತುವಾರಿಯಲ್ಲಿ ಕೋವಿಡ್ ಕೆಲಸಕ್ಕೆ ಹಚ್ಚಬಹುದೆಂದೂ, ಕೊನೆಯ ವರ್ಷದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಲಘುವಾದ ರೋಗಿಗಳ ಯೋಗಕ್ಷೇಮವನ್ನು ದೂರವಾಣಿಯಲ್ಲಿ ವಿಚಾರಿಸಬಹುದೆಂದೂ ಹೇಳಿತು. ನೂರು ದಿನ ದುಡಿದವರಿಗೆ ಮುಂದೆ ಸರ್ಕಾರಿ ನೇಮಕದಲ್ಲಿ ಆದ್ಯತೆಯೆಂಬ ಆಶ್ವಾಸನೆಯೂ ಇತ್ತು. ತಿಂಗಳ ದ್ವಿತೀಯಾರ್ಧದಲ್ಲಿ ರಾಜ್ಯದ ಕಂದಾಯ ಇಲಾಖೆ ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮವನ್ನು ಹೊರಡಿಸಿತು. ವೈದ್ಯರು ಸಾಲದಾದಾಗ ಹೊರಟವರು ಯಾರು? ಹೌಸ್ ಸರ್ಜನರು, ಕೊನೆಯ ವರ್ಷದವರು, ಆಯುರ್ವೇದದವರು, ದಂತವೈದ್ಯ ಕಾಲೇಜಿನವರು, ನರ್ಸಿಂಗಿನವರು. ಒಂದು ವಾಹನ, ಔಷಧಿಯ ಪೊಟ್ಟಣಗಳ ಪೆಟ್ಟಿಗೆ, ಕಾಲು ಗಂಟೆಯಲ್ಲಿ ಫಲಿತಾಂಶ ಹೇಳುವ ಮೂಗುಕಡ್ಡಿಯ ಪರೀಕ್ಷೆ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು. ಇಷ್ಟೇ ಅವರ ಆಯುಧ.

‘ಹಲ್ಲು ಕೀಳಲು ಕಲಿತವಳನ್ನು ಶ್ವಾಸಕೋಶ ನೋಡಲು ಕಳಿಸಿದರು’ ಎಂದಳು ದಂತವೈದ್ಯದ ಹುಡುಗಿ. ಆದರೆ ಇಂಥ ವಿಷಯದಲ್ಲಿ ಹಲ್ಲಿನವರನ್ನು ಹಗುರವಾಗಿ ಕಾಣಬಾರದು. ಬಾಯಿ ಮೂಗುಗಳ ಸಮೀಪಕ್ಕೆ ಹೋಗುವುದೇ ಅವರ ನಿತ್ಯದ ಕೆಲಸ. ಕಡ್ಡಿ ಹಾಕುವಾಗ ಅವಳ ಕೈ ನಡುಗಲಿಲ್ಲ, ಜೊತೆಯಲ್ಲಿದ್ದ ಎಂ.ಬಿ.ಬಿ.ಎಸ್. ಹುಡುಗನದು ನಡುಗಿತು.

ನಾಲ್ಕನೆಯ ಜ್ವರ

ಈಗ ನಾನು ಬಹಳ ಜನಕ್ಕೆ ಹೇಳಿ ನಗಿಸಿರುವ ಪ್ರಸಂಗ. ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯ ಒಂದು ಹಳ್ಳಿ. ನರ್ಸಿಂಗ್ ಶಾಲೆಯ ಹುಡುಗಿ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು, ಒಂದು ಮನೆಯ ಜಗಲಿಯ ಮುಂದೆ ನಿಂತು ಕೇಳಿದಳು:

‘ಅಜ್ಜೀ, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ?’

‘ಐತಲ್ಲವ್ವ. ನಾಕ್ನೇ ಜರ. ನಿನ್ನೆ ರಾತ್ರೆ ಕೂತವೆ. ನಾಳೀಕೆ ಎದ್ದೇಳ್ತವೆ, ಆಮೇಲೆ ನಮ್ಗೆ ಉಸ್ರಾಡಕ್ಕೂ ಪುರ್ಸೊತ್ತಿರಾಕಿಲ್ಲ.’

ಹುಡುಗಿ ಗಾಬರಿಯಾಗಿ ಬರೆದುಕೊಂಡಳು: ನಾಲ್ಕನೆಯ ದಿನದ ಜ್ವರ, ರೋಗಿಗಳು ಒಬ್ಬರಿಗಿಂತ ಹೆಚ್ಚು, ಉಸಿರಾಟದ ತೊಂದರೆ. ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳಂತೆ. ರೇಷ್ಮೆ ಹುಳು ಪೊರೆ ಬಿಡುವ ಮುನ್ನ ಸೊಪ್ಪು ತಿನ್ನದೆ, ತಲೆಯೆತ್ತಿ, ನಿಶ್ಚಲವಾಗಿ ಕೂರುತ್ತದೆ. ಅದನ್ನೇ ನಮ್ಮ ರೈತರು ‘ಜ್ವರ’ವೆನ್ನುತ್ತಾರೆ. ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ. ನಾಲ್ಕನೆಯದರಿಂದ ಎದ್ದ ಮೇಲೆ ಸುಮಾರು ಒಂದು ವಾರ ಹಗಲಿರುಳು ತಿನ್ನುತ್ತದೆ; ಜೀವಮಾನದ ಸೊಪ್ಪಿನ ಬಹುಭಾಗ ಆ ಒಂದು ವಾರದ್ದೇ. ಹುಳುಮನೆಯಲ್ಲಿ ಆಗ ಕೇಳುವ ಸದ್ದು ಸೋನೆಮಳೆಯ ಸದ್ದಿನಂತಿರುತ್ತದೆ. ಅನಂತರ ಹಣ್ಣಾದ ಹುಳುಗಳನ್ನು ಚಂದ್ರಂಕಿಗೆ ಬಿಟ್ಟರೆ ಗೂಡು ಕಟ್ಟುತ್ತವೆ.

ನಗುವುದಕ್ಕೆ ಇದು ಸಾಕು. ಆದರೆ ಆ ಹುಡುಗಿ ಮರುದಿನದಿಂದ ಬಳಸಿಕೊಂಡ ಉಪಾಯವನ್ನು ನಾನು ಮೆಚ್ಚಿದ್ದೇನೆ. ಆರು ಅಡಿ ದೂರವಿರಿ, ಕೈ ತೊಳೆಯಿರಿ, ಹೊರಗಿನವರನ್ನು ಒಳಗೆ ಬಿಡಬೇಡಿ ಎಂದು ಸರ್ಕಾರದ ಕರಪತ್ರ ಓದಿ ಹೇಳಿದಾಗ ಕೇಳದಿದ್ದ ಜನಕ್ಕೆ ಅವಳು ಕೇಳಿದಳು: ‘ನಿಮ್ಮ ಹುಳುಮನೆಗೆ ಯಾರನ್ನು ಬೇಕಾದರೂ ಬಿಡುತ್ತೀರಾ?’ ಬಿಡುವುದುಂಟೆ! ಹುಳು ಸಾಕುವ ಮನೆಯವರು ಸುಣ್ಣ ಬಳಿಯುತ್ತಾರೆ, ಬ್ಲೀಚಿಂಗ್ ಪುಡಿ ಚೆಲ್ಲುತ್ತಾರೆ, ಕೈಕಾಲು ತೊಳೆಯದೆ ಒಳಗೆ ಹೆಜ್ಜೆಯಿಡುವುದಿಲ್ಲ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಇವುಗಳ ಹೆಸರು ಹೇಳಿದರೆ ಬೆಚ್ಚುತ್ತಾರೆ. ಕಾಯಿಲೆಯ ಹುಳುವನ್ನು ಆರಿಸಿ ತೆಗೆದು ಹೂಳದಿದ್ದರೆ ತಟ್ಟೆಗೆ ತಟ್ಟೆಯೇ ಹೋಗುವುದೆಂದು ಅವರಿಗೆ ಯಾವ ವೈದ್ಯನೂ ಕಲಿಸಬೇಕಾಗಿಲ್ಲ. ಸೋಂಕಿನ ಶಾಸ್ತ್ರ ಆ ಊರಿನಲ್ಲಿ ಮೊದಲೇ ಇತ್ತು; ಮನುಷ್ಯರ ಕಡೆಗೆ ಅದನ್ನು ತಿರುಗಿಸುವವರು ಬೇಕಾಗಿದ್ದರು.

ವಿಜ್ಞಾನದ ಚರಿತ್ರೆಯೂ ಇದೇ ದಾರಿಯಲ್ಲಿ ನಡೆದುದು. ಫ್ರಾನ್ಸಿನ ಲೂಯಿ ಪಾಸ್ಚರ್ ಹುಚ್ಚುನಾಯಿ ಕಡಿತದ ಲಸಿಕೆಗೆ ಕೈಹಾಕುವುದಕ್ಕೆ ಬಹುಮುಂಚೆ, ೧೮೬೫ರಿಂದ ಸುಮಾರು ಐದು ವರ್ಷ, ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣದಲ್ಲಿ ರೇಷ್ಮೆ ಹುಳುವಿನ ಗಂಟುರೋಗವನ್ನೇ ಅಭ್ಯಾಸ ಮಾಡಿದನು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಪಡಿಸಬೇಕೆಂಬ ಅವನ ವಿಧಾನ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿದೆ. ಹುಳುವಿನಿಂದ ಮನುಷ್ಯನಿಗೆ ಬಂದ ವಿದ್ಯೆ ಇದು.

ಆರು ನಿಮಿಷದ ನಡಿಗೆ

ಆದರೆ ಹುಳು ಅಡ್ಡಿಯನ್ನೂ ಮಾಡಿತು. ಹಳ್ಳಿಯ ಸಣ್ಣ ಮನೆಗಳಲ್ಲಿ ಸೋಂಕಿತರಿಗೆ ಬೇರೆ ಕೋಣೆಯಾಗಲಿ ಶೌಚಗೃಹವಾಗಲಿ ಇರುವುದಿಲ್ಲವೆಂದು, ಅವರನ್ನು ಆರೈಕೆ ಕೇಂದ್ರಕ್ಕೆ ಕರೆತರಬೇಕೆಂದು ಸರ್ಕಾರ ಆ ಮೇ ತಿಂಗಳಲ್ಲಿ ತೀರ್ಮಾನಿಸಿತು. ತೀರ್ಮಾನ ಸರಿಯಾದದ್ದೇ. ಆದರೆ ಹಸುವಿನ ಹಾಲು ಕರೆಯುವವರು ಯಾರು? ಹುಳುವಿಗೆ ಸೊಪ್ಪು ಹಾಕುವವರು ಯಾರು? ಈ ಪ್ರಶ್ನೆಗೆ ಯಾವ ಆದೇಶದಲ್ಲೂ ಉತ್ತರವಿರಲಿಲ್ಲ. ಪರೀಕ್ಷೆಯ ವಾಹನ ಬರುವುದನ್ನು ದೂರದಿಂದಲೇ ಕಂಡು ಮನೆಗೆ ಬೀಗ ಹಾಕಿ ತೋಟಕ್ಕೆ ಹೋಗಿಬಿಡುತ್ತಿದ್ದರು. ಅದನ್ನು ಪಟ್ಟಣದ ಪತ್ರಿಕೆಗಳು ಮೌಢ್ಯವೆಂದು ಕರೆದವು. ನನಗೆ ಹಾಗೆನ್ನಿಸುವುದಿಲ್ಲ. ತಿಂಗಳ ಸಂಬಳ ಬ್ಯಾಂಕಿಗೆ ತಾನಾಗಿ ಬಂದು ಬೀಳುವ ನನ್ನಂಥವರಿಗೆ ಹದಿನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂರುವುದು ಕಷ್ಟವಲ್ಲ.

ಅದೇ ಹೋಬಳಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಗೃಹಿಣಿ. ಗಂಡ ಆಗಲೇ ಆರೈಕೆ ಕೇಂದ್ರದಲ್ಲಿ. ಮನೆಯಲ್ಲಿ ಇಬ್ಬರು ಮಕ್ಕಳು, ಒಬ್ಬಳು ಮುದುಕಿ, ಹುಳುಮನೆಯಲ್ಲಿ ನೂರು ಮೊಟ್ಟೆಯ ಹುಳು ನಾಲ್ಕನೆಯ ಜ್ವರದಿಂದ ಎದ್ದಿದೆ. ಪರೀಕ್ಷೆಯಲ್ಲಿ ಸೋಂಕು ಕಂಡಿತು. ಕೂತಾಗ ಆಮ್ಲಜನಕದ ಪ್ರಮಾಣ ೯೫. ‘ನಂಗೇನೂ ಆಗಿಲ್ಲ’ ಎಂದಳು. ನೋಡುವುದಕ್ಕೂ ಏನೂ ಆಗಿರಲಿಲ್ಲ. ಈ ರೋಗದ ಮೋಸವೇ ಅದು: ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದರೂ ರೋಗಿಗೆ ಏದುಸಿರು ಬಾರದಿರಬಹುದು. ಅದಕ್ಕಾಗಿ ಒಂದು ಸುಲಭದ ಪರೀಕ್ಷೆಯುಂಟು. ಆಕ್ಸಿಮೀಟರನ್ನು ಬೆರಳಿಗೆ ಹಾಕಿ ಆರು ನಿಮಿಷ ನಡೆಯಿಸುವುದು. ೯೪ಕ್ಕಿಂತ ಕೆಳಗಿಳಿದರೆ ಅಪಾಯದ ಸೂಚನೆ. ಹೌಸ್ ಸರ್ಜನ್ ಹುಡುಗ ಅವಳನ್ನು ಬೀದಿಯಲ್ಲಿ ನಡೆಯಿಸಿದ. ಬೀದಿಯ ಜನವೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮಾರಿಗುಡಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ೮೯.

‘ಒಂದ್ವಾರ ಬುಟ್ಬುಡಿ ಸಾಮಿ, ಹುಳ ಅಣ್ಣಾಗ್ಲಿ, ನಾನೇ ಬತ್ತೀನಿ’ ಎಂದು ಅವಳು ಕೈಮುಗಿದಳು. ಇಪ್ಪತ್ತಮೂರು ವರ್ಷದ ಹುಡುಗ. ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ‘ಒಂದು ವಾರ ಬಿಟ್ಟರೆ ಈಕೆ ಇರುವುದಿಲ್ಲವೆಂದು ನನಗೆ ಗೊತ್ತಿತ್ತು ಸಾರ್. ಬೆಳೆ ಹೋದರೆ ಸಾಲ ತೀರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇಬ್ಬರದೂ ನಿಜ’ ಎಂದು ಅವನು ನನಗೆ ಹೇಳಿದ.

ಬಿಡಿಸಿದವಳು ಆಶಾ ಕಾರ್ಯಕರ್ತೆ. ಅವಳು ವೈದ್ಯಶಾಸ್ತ್ರದ ಒಂದು ಮಾತನ್ನೂ ಆಡಲಿಲ್ಲ. ನೇರವಾಗಿ ಎದುರು ಮನೆಗೆ ಹೋದಳು. ಆ ಮನೆಗೂ ಈ ಮನೆಗೂ ಬದುವಿನ ವ್ಯಾಜ್ಯದಿಂದ ಮೂರು ವರ್ಷ ಮಾತಿರಲಿಲ್ಲ. ‘ಅಕ್ಕಾ, ಮನುಷ್ಯರ ಮೇಲೆ ಸಿಟ್ಟಿದ್ರೆ ಇರ್ಲಿ, ಹುಳ ಏನ್ ಮಾಡಿತ್ತು?’ ಎಂದಳಂತೆ. ಸಂಜೆಯೊಳಗೆ ಎದುರು ಮನೆಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸೊಪ್ಪು ಕೊಯ್ಯಲು ಒಪ್ಪಿದರು. ೧೦೮ರ ವಾಹನ ರಾತ್ರಿ ಎಂಟಕ್ಕೆ ಬಂತು. ಹನ್ನೆರಡು ದಿನಗಳ ಮೇಲೆ ಆಕೆ ಮನೆಗೆ ಮರಳಿದಳು. ಗೂಡು ಮಾರಾಟವಾಗಿತ್ತು; ದರ ಚೆನ್ನಾಗಿರಲಿಲ್ಲ. ಎರಡು ಮನೆಗಳೂ ಈಗ ಮಾತಾಡುತ್ತವೆಯೇ ಎಂದು ಕೇಳಿದೆ. ‘ಇಲ್ಲ ಸಾರ್, ಆ ಬದು ಇನ್ನೂ ಕೋರ್ಟಿನಲ್ಲಿದೆ’ ಎಂದ.

ಎಲ್ಲ ಪ್ರಸಂಗಗಳೂ ಹೀಗೆ ಮುಗಿಯಲಿಲ್ಲ. ಮಾಗಡಿ ತಾಲ್ಲೂಕಿನ ಕುದೂರು ಕಡೆಯ ಒಂದು ಊರಿನಲ್ಲಿ ಜ್ವರವನ್ನು ಐದು ದಿನ ಮುಚ್ಚಿಟ್ಟುಕೊಂಡಿದ್ದ ಒಬ್ಬ ಹಿರಿಯರು ವಾಹನಕ್ಕೆ ಹತ್ತಿಸುವಾಗಲೇ ತೀರಿಕೊಂಡರು. ಅವರ ಬೆರಳಿನಲ್ಲಿದ್ದ ಆಕ್ಸಿಮೀಟರನ್ನು ತೆಗೆದವಳು ಹತ್ತೊಂಬತ್ತು ವರ್ಷದ ನರ್ಸಿಂಗ್ ಹುಡುಗಿ. ಅವಳು ಕಂಡ ಮೊದಲ ಸಾವು ಅದು. ಆ ಉಪಕರಣವನ್ನು ಒರೆಸಿ ಮುಂದಿನ ಮನೆಯಲ್ಲಿ ಬೇರೊಬ್ಬರ ಬೆರಳಿಗೆ ಹಾಕಬೇಕಿತ್ತು, ಹಾಕಿದಳು. ಈ ಕುರಿತು ಅವಳು ಇಷ್ಟೇ ಹೇಳಿದಳು, ನಾನೂ ಹೆಚ್ಚು ಕೇಳಲಿಲ್ಲ.

ರಾಮನಗರ ಪಟ್ಟಣದ ನೂಲು ಬಿಚ್ಚುವ ಮನೆಗಳಲ್ಲಿ ಇನ್ನೊಂದು ಬಗೆಯ ತೊಡಕು. ಗೂಡು ಬೇಯುವ ಕುದಿನೀರಿನ ಆವಿ, ಕೋಶದ ವಾಸನೆ, ಗಾಳಿಯಾಡದ ಕೊಠಡಿ. ಅಲ್ಲಿ ದುಡಿಯುವವರಿಗೆ ಉಬ್ಬಸ, ಕೆಮ್ಮು ಹಳೆಯ ನೆಂಟರು. ‘ಕೆಮ್ಮಿದೆಯೆ?’ ಎಂದರೆ ‘ಹತ್ತು ವರ್ಷದಿಂದ ಇದೆ’ ಎಂಬ ಉತ್ತರ. ಯಾವುದು ಹೊಸ ಕೆಮ್ಮು, ಯಾವುದು ಹಳೆಯದು? ಇಡೀ ದಿನ ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳಲ್ಲಿ ಒಂದು ಬೆರಳು ತೋರಿದ ಅಂಕಿಯನ್ನು ನಂಬದೆ ಇನ್ನೊಂದು ಬೆರಳಿಗೂ ಹಾಕಿ ನೋಡುವುದನ್ನು ಹುಡುಗರು ಅಲ್ಲಿ ಕಲಿತರು.

ಹಳೆಯ ಕ್ಲೋಸ್‌ಪೇಟೆ

ಇವರು ನಡೆದ ದಾರಿ ಹೊಸದೆಂದು ತಿಳಿಯಬೇಕಾಗಿಲ್ಲ. ರಾಮನಗರಕ್ಕೆ ಹಿಂದೆ, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ, ಕ್ಲೋಸ್‌ಪೇಟೆಯೆಂದು ಹೆಸರಿತ್ತು. ೧೯೩೦ರ ದಶಕದಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನೊಡನೆ ಆರೋಗ್ಯ ಸಿಬ್ಬಂದಿಯನ್ನು ಹಳ್ಳಿಗಳ ನಡುವೆಯೇ ಇಟ್ಟು ತರಬೇತು ಮಾಡುವ ಕೇಂದ್ರವನ್ನು ಇಲ್ಲಿಯೇ ನಡೆಸಿತು. ಅಂದಿನ ಶತ್ರುಗಳು ಬೇರೆ. ಆದರೆ ರೋಗವನ್ನು ಅದು ಇರುವ ಮನೆಯಲ್ಲೇ ನೋಡಿ ಕಲಿಯಬೇಕೆಂಬ ವಿಚಾರ ಅದೇ. ೧೯೪೬ರ ಭೋರ್ ಸಮಿತಿಯ ವರದಿ, ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಗೂ ಮೂರು ತಿಂಗಳ ಸಮಾಜವೈದ್ಯದ ಶಿಕ್ಷಣ ಬೇಕೆಂದಿತು. ಅನಂತರ ಅದು ಪಠ್ಯಕ್ರಮದಲ್ಲಿ ಸೇರಿತು, ಪರೀಕ್ಷೆಯ ವಿಷಯವಾಯಿತು. ಪರೀಕ್ಷೆಯ ವಿಷಯವಾದ ಮೇಲೆ ಏನಾಗುತ್ತದೆಂಬುದನ್ನು ಅಧ್ಯಾಪಕನಾದ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಪಾಳಿಯೆಂದರೆ ಸ್ನಾತಕೋತ್ತರ ಪ್ರವೇಶಪರೀಕ್ಷೆಗೆ ಓದಿಕೊಳ್ಳಲು ಸಿಗುವ ಬಿಡುವು ಎಂದು ಹೌಸ್ ಸರ್ಜನರು ಬಹುಕಾಲ ಭಾವಿಸಿದ್ದರು.

ನಷ್ಟವನ್ನೂ ಹೇಳಬೇಕು. ಕೋವಿಡ್ ಕೆಲಸಕ್ಕೆ ತಿಂಗಳುಗಟ್ಟಲೆ ಕೊಟ್ಟವರು ಹೆರಿಗೆ ಕೊಠಡಿಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಕಳೆಯಬೇಕಾಗಿದ್ದ ಕಾಲವನ್ನು ಕಳೆದುಕೊಂಡರು. ‘ನನ್ನ ವಾರಿಗೆಯವರು ಕಡ್ಡಿ ಹಾಕುವುದರಲ್ಲಿ ಪಂಡಿತರು, ಹೊಲಿಗೆ ಹಾಕುವುದರಲ್ಲಿ ಬಾಲಕರು’ ಎಂದ ಆ ಹೌಸ್ ಸರ್ಜನ್. ತಾವೇ ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರೆಂದು ಕೆಲವರಿಗೆ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ. ಒಂದು ಸಮಾಧಾನವೆಂದರೆ, ೨೦೨೧ರ ಜನವರಿ ೧೬ರಂದು ಆರಂಭವಾದ ಲಸಿಕೆ ಮೊದಲು ಆರೋಗ್ಯ ಕಾರ್ಯಕರ್ತರಿಗೇ ಸಂದದ್ದರಿಂದ ಇವರಲ್ಲಿ ಅನೇಕರಿಗೆ ಅದು ಆಗಿತ್ತು. ಅವರ ತಾಯಂದಿರಿಗೆ ಆಗಿರಲಿಲ್ಲ. ಹಳ್ಳಿಯಿಂದ ಬಂದ ಮಗಳು ತಿಂಗಳು ಕಾಲ ಮಹಡಿಯ ಕೋಣೆಯಲ್ಲಿ ಉಂಡು ಮಲಗಿದ ಮನೆಗಳು ನಮ್ಮ ಬೀದಿಯಲ್ಲೇ ಎರಡಿದ್ದವು. ಇನ್ನು ಆಶಾ ಕಾರ್ಯಕರ್ತೆಯರ ಪಾಡು: ೨೦೨೦ರ ಜುಲೈಯಲ್ಲಿ ತಿಂಗಳಿಗೆ ೧೨,೦೦೦ ರೂಪಾಯಿ ನಿಶ್ಚಿತ ಗೌರವಧನ ಬೇಡಿ ರಾಜ್ಯದಾದ್ಯಂತ ಅವರು ಕೆಲಸ ನಿಲ್ಲಿಸಬೇಕಾಯಿತು. ವಿದ್ಯಾರ್ಥಿಗಳಿಗೆ ಹಳ್ಳಿಯನ್ನು ಕಲಿಸಿದ ಗುರುಗಳು ಇವರು. ಯಾವ ಕಾಲೇಜಿನ ಅಧ್ಯಾಪಕರ ಪಟ್ಟಿಯಲ್ಲೂ ಇವರ ಹೆಸರಿಲ್ಲ.

೨೦೨೨ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ವಿಚಾರಿಸಬೇಕೆಂಬ ನಿಯಮ ತಂದಿದೆ. ಒಳ್ಳೆಯ ನಿಯಮ. ಕಾಲೇಜಿನ ಬಸ್ಸು ಸುಲಭವಾಗಿ ತಲುಪುವ ಹಳ್ಳಿಗಳ ಕುಟುಂಬಗಳೇ ದತ್ತುಹೋಗುತ್ತವೆಯೋ, ಕೋಡಿಹಳ್ಳಿಯ ಕಾಡಂಚಿನವರಿಗೂ ಆ ಪುಣ್ಯ ಉಂಟೋ ನೋಡಬೇಕು.

ಭಾಷೆಯ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ನನ್ನ ಕಸುಬು ಅದು, ಓದುಗರು ಕ್ಷಮಿಸಬೇಕು. ವೈದ್ಯಕೀಯ ಕಾಲೇಜಿಗೆ ಸೇರಿದ ಹೊಸತರಲ್ಲಿ ಸ್ಥಳೀಯ ಭಾಷೆಯನ್ನು ಕಲಿಸುವ ಏರ್ಪಾಡು ೨೦೧೯ರಿಂದ ಇದೆ. ಆದರೆ ‘ಉಸಿರಾಟದ ತೊಂದರೆ’ ಎಂದು ಕಲಿತು ಬಂದವರಿಗೆ ಹಳ್ಳಿಯಲ್ಲಿ ಆ ಮಾತು ಸಿಗುವುದಿಲ್ಲ. ‘ದಮ್ಮು ಕಟ್ತದೆ’, ‘ಎದೆ ಹಿಡ್ದಂಗಾಯ್ತದೆ’, ‘ಮೈಯೆಲ್ಲ ನುಲಿತದೆ’, ‘ಬಾಯಿ ಸಪ್ಪಗೈತೆ’ ಎನ್ನುತ್ತಾರೆ. ‘ಪಾಸಿಟಿವ್’ ಎಂದರೆ ಒಳ್ಳೆಯದೆಂದು ತಿಳಿದು ಕೈಮುಗಿದು ಹೋದ ಮುದುಕರೂ ಇದ್ದರು. ದಂತವೈದ್ಯದ ಹುಡುಗಿ ಇಂಥ ಮಾತುಗಳನ್ನು ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದಿ­ಟ್ಟುಕೊಂಡಿದ್ದಾಳೆ. ಒಂದು ಮಗ್ಗುಲಲ್ಲಿ ಹಳ್ಳಿಯ ಮಾತು, ಇನ್ನೊಂದು ಮಗ್ಗುಲಲ್ಲಿ ರೋಗಲಕ್ಷಣ, ಕೆಲವು ಕಡೆ ಬರಿಯ ಪ್ರಶ್ನಾರ್ಥಕ ಚಿಹ್ನೆ. ಈಗ ಅವಳಿಗೆ ಬೆಂಗಳೂರಿನಲ್ಲಿ ಸ್ವಂತ ಚಿಕಿತ್ಸಾಲಯವಿದೆ. ಆ ಪುಸ್ತಕವನ್ನು ನಕಲು ಮಾಡಿಕೊಳ್ಳಲು ಕೊಡೆಂದು ಕೇಳಿದ್ದೇನೆ. ಮುಂದಿನ ಸಲ ಊರಿಗೆ ಬಂದಾಗ ತರುತ್ತೇನೆ ಎಂದಿದ್ದಾಳೆ.